ಉಪ್ಪುನೀರು ಕುಡಿದ ಸ್ಲ್ಯಾಬ್

ಏಪ್ರಿಲ್ ಬಂತೆಂದರೆ ಮಂಜಗುಣಿಯ ಕೆಲವು ಬಾವಿಗಳಿಗೆ ಉಪ್ಪು ಏರುತ್ತದೆ. ಗಂಗಾವಳಿ ಹೊಳೆಯ ಹರಿವು ಇಳಿದ ಮೇಲೆ ಸಮುದ್ರ ಒಳಗೆ ಬರುತ್ತದೆ, ಬಾವಿಗೂ ಬರುತ್ತದೆ. ಕುಡಿಯುವ ನೀರಿಗೇ ಪರದಾಟ. ಆದರೆ ಮನೆ ಕಟ್ಟುವವರಿಗೆ ಇದೇ ಹಂಗಾಮು, ಮಳೆ ಬೀಳುವ ಮೊದಲು ಸ್ಲ್ಯಾಬ್ ಮುಗಿಯಬೇಕಲ್ಲ.

ಜಟ್ಟು ಮತ್ತು ಅವನ ಹೆಂಡತಿ ಮಂಜಿ ಕೂಡ ಅದೇ ಅವಸರದಲ್ಲಿದ್ದರು. ಹೋದ ತಿಂಗಳು ಹಳೆಯ ಅಡಿಗೆಮನೆಯ ಸ್ಲ್ಯಾಬಿನಿಂದ ದೊಡ್ಡ ಚಕ್ಕೆಯೊಂದು ಕಳಚಿ ಮಂಜಿಯ ಹೆಗಲ ಮೇಲೆ ಬಿದ್ದಿತ್ತು. ನಾಲ್ಕು ಬೆರಳು ಈಚೆ ಬಿದ್ದಿದ್ದರೆ ತಲೆಯೇ ಹೋಗುತ್ತಿತ್ತು. ಪಕ್ಕದಲ್ಲಿ ಹೊಸದಾಗಿ ಎರಡು ಕೋಣೆಯ ಗೋಡೆ ಎದ್ದಿತ್ತು.

"ಮತ್ತೊಂದು ಸ್ಲ್ಯಾಬಿನ ಕೆಳಗೆ ನಾ ಮಲಗೂದಿಲ್ಲ. ಹಂಚೇ ಸಾಕು" ಎಂದು ಮಂಜಿ ಪಟ್ಟು ಹಿಡಿದಳು.

"ಹಳೇದು ಮೇಸ್ತ್ರಿ ತಪ್ಪು. ಈ ಸಲ ನೀರು ಇನ್ನೂ ಜಾಸ್ತಿ ಹಾಕ್ತೆ, ನೋಡು" ಎಂದ ಜಟ್ಟು.

ಜಟ್ಟುವಿನ ಅಕ್ಕನ ಮಗಳು ಪ್ರಗತಿ ಶಿರವಾಡದಲ್ಲಿ ಕಾಂಕ್ರೀಟ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಭಾನುವಾರ ಅತ್ತೆಯ ಹೆಗಲು ಹೇಗಿದೆಯೆಂದು ನೋಡಲು ಬಂದವಳಿಗೆ ಅಂಗಳದಲ್ಲಿ ಸಾಲಾಗಿ ತುಂಬಿಟ್ಟ ಡ್ರಮ್ಮುಗಳು ಕಂಡವು.

"ಇದೆಲ್ಲ ಎಂತಕ್ಕೆ ಮಾವ?"

"ಸ್ಲ್ಯಾಬಿಗೆ. ಬದು ಕಟ್ಟಿ, ಗದ್ದೆಗೆ ನಿಲ್ಸಿದ ಹಂಗೆ ನಿಲ್ಸೂದು."

ಪ್ರಗತಿ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿ, ತಕ್ಷಣ ಉಗುಳಿದಳು. "ಹಳೇ ಅಡಿಗೆಮನೆಗೂ ಇದೇ ಬಾವಿ ನೀರೇ?"

"ಮತ್ತೆ? ಹದಿನೈದು ದಿನ ನಾನೇ ಕೊಡದಲ್ಲಿ ಹೊತ್ತದ್ದು. ಒಂದಿನ ತಪ್ಸಲಿಲ್ಲ." ಜಟ್ಟುವಿನ ದನಿಯಲ್ಲಿ ಹೆಮ್ಮೆಯಿತ್ತು.

ಮೂಲೆಯಲ್ಲಿ ಬಿದ್ದಿದ್ದ ಚಕ್ಕೆಯನ್ನು ಪ್ರಗತಿ ತಿರುಗಿಸಿ ನೋಡಿದಳು. ಒಳಗಿನ ಕಬ್ಬಿಣದ ಸರಳು ತಾಗಿದ್ದ ಕಡೆಯೆಲ್ಲ ತುಕ್ಕಿನ ಕೆಂಪು ಅಂಟಿತ್ತು. "ಮಾವ, ಹೊಳೆಯಂಚಿನ ಗಜನಿ ಗದ್ದೆಯ ಕಟ್ಟೆ ಒಡೆದು ಉಪ್ಪುನೀರು ನುಗ್ಗಿದ್ರೆ ಎಂತ ಮಾಡ್ತ್ರಿ?"

"ಉಂಬೂದು ಬಿಟ್ಟು ಓಡ್ತೆ. ಭತ್ತ ಸಾಯ್ತದಲ್ಲ!"

"ಭತ್ತಕ್ಕೆ ಬಿಡದ ನೀರು ಸರಳಿಗೆ ಬಿಟ್ಟಿದ್ರಿ."

"ಕಗ್ಗ ಭತ್ತ ಉಪ್ಪು ತಡೀತದೆ." ಜಟ್ಟು ಅಷ್ಟು ಸುಲಭಕ್ಕೆ ಸೋಲುವವನಲ್ಲ.

"ಕಬ್ಬಿಣ ಕಗ್ಗ ಅಲ್ಲ ಮಾವ. ಕಾಂಕ್ರೀಟಿನ ಮೈಯಲ್ಲಿ ಕಣ್ಣಿಗೆ ಕಾಣದ ತೂತು ಇರ್ತವೆ. ಉಪ್ಪುನೀರು ಅದ್ರಲ್ಲಿ ಇಳಿದು ಸರಳಿಗೆ ತುಕ್ಕು ಹಿಡಿಸ್ತದೆ. ತುಕ್ಕು ಉಬ್ಬಿದ್ರೆ ಕಾಂಕ್ರೀಟ್ ಒಡೆದು ಬೀಳ್ತದೆ."

ಜಟ್ಟು ಮಂಜಿಯ ಹೆಗಲಿನ ಪಟ್ಟಿಯನ್ನೇ ನೋಡುತ್ತ ಕುಳಿತ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಚಕ್ಕೆ ಬಿದ್ದಂದಿನಿಂದ ಮೇಸ್ತ್ರಿಯನ್ನು ಬೈಯುತ್ತಿದ್ದ. ದುಡಿಮೆಯಲ್ಲಿ ಅವನೇನೂ ಕಡಿಮೆ ಮಾಡಿರಲಿಲ್ಲ, ಹೊತ್ತ ನೀರೇ ತಪ್ಪಾಗಿತ್ತು.

"ಹಂಗಾರೆ ನೀರೇ ಬೇಡ್ವಾ? ನೀರಿಲ್ದೆ ಸಿಮೆಂಟ್ ಗಟ್ಟಿಯಾಗ್ತದಾ?" ಎಂದು ಕೊನೆಗೆ ಕೇಳಿದ.

"ಬೇಕೇ ಬೇಕು. ಕಡಿಮೆ ಅಂದ್ರೂ ಏಳು ದಿನ, ಈ ಬಿಸಿಲಲ್ಲಿ ಹತ್ತು ದಿನ ಅದು ಒಣಗ್ಬಾರ್ದು. ಸಿಹಿನೀರು ಇದ್ದವ್ರು ಬದು ಕಟ್ಟಿ ನಿಲ್ಸೂದು ಒಳ್ಳೇದೇ. ನಿಮ್ಮಲ್ಲಿ ಕುಡಿಯೂಕೇ ಇಲ್ಲ. ಅಂಥವ್ರಿಗೆ ಸೆಲ್ಫ್ ಕ್ಯೂರಿಂಗ್ ಕಾಂಕ್ರೀಟ್ ಅಂತ ಉಂಟು. ಸುಟ್ಟ ಮಣ್ಣಿನ ಹಗುರ ಜಲ್ಲಿ ಬರ್ತದೆ, ಮೈಯೆಲ್ಲ ತೂತು. ಅದನ್ನ ಸಿಹಿನೀರಲ್ಲಿ ಚೆನ್ನಾಗಿ ನೆನೆಸಿ, ಒಂದಿಷ್ಟು ರೇತಿಯ ಬದಲಿಗೆ ಕಲಸ್ತಾರೆ. ಕುಡಿದ ನೀರನ್ನ ಅದು ಒಳಗಿಂದ್ಲೇ ಸಿಮೆಂಟಿಗೆ ನಿಧಾನಕ್ಕೆ ಕೊಡ್ತದೆ. ನೀರು ಹಿಡಿದಿಡುವ ಪುಡಿಯೂ ಸಿಕ್ತದೆ."

"ಅಂದ್ರೆ ಬುತ್ತಿ ಕಟ್ಟಿ ಕಳ್ಸಿದ ಹಂಗೆ" ಎಂದಳು ಮಂಜಿ.

"ಸಮಾ ಹೇಳಿದ್ರಿ ಅತ್ತೆ!"

"ಆ ಪುಡಿ ನಾನೇ ತಂದು ಎರಡು ಮುಷ್ಟಿ ಹಾಕಿದ್ರೆ?"

"ಬೇಡ ಮಾವ. ಅಳತೆ ತಪ್ಪಿದ್ರೆ ಗಟ್ಟಿತನವೇ ಹೋಗ್ತದೆ. ಎಂಜಿನಿಯರ್ ಹೇಳಿದಷ್ಟೇ ಹಾಕ್ಬೇಕು. ಕಲಸೂ ನೀರೂ ಸಿಹಿಯೇ ಇರ್ಬೇಕು. ಮೇಲೆ ಬಿಸಿಲು, ಗಾಳಿ ತಾಗದ ಹಂಗೆ ಪ್ಲಾಸ್ಟಿಕ್ ಹಾಳೆ ಹೊದಿಸ್ಬೇಕು."

ಜಟ್ಟು ಡ್ರಮ್ಮುಗಳನ್ನು ಒಂದೊಂದಾಗಿ ಮಗುಚಿದ. ಉಪ್ಪುನೀರು ತಾಗಿಸುವುದಿಲ್ಲವೆಂದು ಅವನು ಮಾತು ಕೊಟ್ಟ ಮೇಲೆ ಮಂಜಿಯೂ ಸ್ಲ್ಯಾಬಿಗೆ ಒಪ್ಪಿದಳು. ಎಂಟು ದಿನದ ಮೇಲೆ ಎಂಜಿನಿಯರರ ಅಳತೆಯಂತೆ ಕಲಸಿದ ಕಾಂಕ್ರೀಟ್ ಶಿರವಾಡದಿಂದ ಲಾರಿಯಲ್ಲಿ ಬಂತು. ಸ್ಲ್ಯಾಬ್ ಹಾಕಿ, ಅಂದೇ ಹಾಳೆ ಹೊದಿಸಿದರು.

ಮೂರನೆಯ ದಿನ ನೆರೆಮನೆಯ ಮಾದೇವ ಬೇಲಿಯಾಚೆಯಿಂದ ನಕ್ಕ. "ನೀರು ಕಾಣದ ಸ್ಲ್ಯಾಬ್ ಮಳೆಗಾಲ ಕಾಣ್ತದಾ ಮಾರಾಯಾ?" ಜಟ್ಟುವಿಗೆ ತಡೆಯಲಾಗಲಿಲ್ಲ. ಬಾವಿಯಿಂದ ಒಂದು ಕೊಡ ಎತ್ತಿಕೊಂಡು ಬಂದು ನೋಡಿದರೆ ಏಣಿಯೇ ಇಲ್ಲ. ಮಂಜಿ ಅದನ್ನು ನೆಲಕ್ಕೆ ಮಲಗಿಸಿ ಮೇಲೆ ಕುಳಿತಿದ್ದಳು.

"ಒಂದೇ ಕೊಡ, ಮಂಜಿ."

"ಒಂದು ಹನಿನೂ ಇಲ್ಲ. ಕೆಳಗೆ ಮಲಗೂದು ನಾನು."

ಕಾಂಕ್ರೀಟ್ ಹಾಕಿದ ದಿನ ಅದರಿಂದಲೇ ಪರೀಕ್ಷೆಗೆಂದು ಕೆಲವು ಚೌಕ ಗಟ್ಟಿಗಳನ್ನು ಅಚ್ಚು ಹಾಕಿ ಇಟ್ಟಿದ್ದರು. ಇಪ್ಪತ್ತೆಂಟನೆಯ ದಿನ ಶಿರವಾಡದಲ್ಲಿ ಅವುಗಳ ಪರೀಕ್ಷೆ. ಜಟ್ಟು ಬಸ್ಸು ಹತ್ತಿ ಹೋದ. ಯಂತ್ರ ಒತ್ತುತ್ತಾ ಹೋಯಿತು, ಅಂಕಿ ಏರುತ್ತಾ ಹೋಯಿತು, ಕಡೆಗೆ ಗಟ್ಟಿ ಸಿಡಿಯಿತು.

"ಅಯ್ಯೋ, ಒಡೀತಲ್ಲೇ!" ಎಂದು ಜಟ್ಟು ತಲೆ ಹಿಡಿದುಕೊಂಡ.

"ಒಡೆಯೂ ತನಕ ಒತ್ತೂದೇ ಪರೀಕ್ಷೆ ಮಾವ. ಬೇಕಾದ್ದಕ್ಕಿಂತ ಹೆಚ್ಚೇ ತಡೀತು."

ಜಟ್ಟು ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದ. ಮಂಜಿ ಎರಡೆರಡು ಸಲ ಹೇಳಿಸಿ ಕೇಳಿದಳು. ಆಮೇಲೆ ಹೊಸ ಕೋಣೆ ಗುಡಿಸಿ, ನಡುಮಧ್ಯದಲ್ಲಿ ಚಾಪೆ ಹಾಸಿದಳು. ನಕ್ಕಿದ್ದ ಮಾದೇವ ಮೊನ್ನೆ ಬಂದು ಪ್ರಗತಿಯ ನಂಬರ್ ಬರೆದುಕೊಂಡು ಹೋಗಿದ್ದಾನೆ.

ಮನೆ ಕಟ್ಟುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸ್ಲ್ಯಾಬಿಗೆ ಮೊದಲು ನಿಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಉಪ್ಪಿದ್ದರೆ ಕಲಸಲೂ ಬೇಡ, ಮೇಲೆ ಹೊಯ್ಯಲೂ ಬೇಡ. ಸಿಹಿನೀರು ಸಾಲದಿದ್ದರೆ ಸೆಲ್ಫ್ ಕ್ಯೂರಿಂಗ್ ಕಾಂಕ್ರೀಟ್ ನಿಮ್ಮ ಕೆಲಸಕ್ಕೆ ಹೊಂದುತ್ತದೆಯೇ ಎಂದು ಎಂಜಿನಿಯರನ್ನು ಕೇಳಿ. ಕೇಳಲು ನಾಚಬೇಡಿ, ಆ ಸೂರಿನ ಕೆಳಗೆ ಮಲಗುವವರು ನಿಮ್ಮವರೇ.