ಎಲ್ಲರಿಗೂ ಕಾಶ್ಯಪ

ಹಾಲಾಡಿ ಪೇಟೆಯಿಂದ ಸ್ವಲ್ಪ ಒಳಗಿರುವ ದುರ್ಗಾಪರಮೇಶ್ವರಿ ದೇವಸ್ಥಾನದ ಕೌಂಟರಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಅದರಲ್ಲಿ ಒಂದೇ ಸೇವಾ ಸಾಫ್ಟ್‌ವೇರಿನ ಎರಡು ವರ್ಷನ್ನು. ಹೀಗಾದದ್ದು ದೇವಿಯ ಅಪ್ಪಣೆಯಿಂದ. ಮುಂಬಯಿಯ ಹೋಟೆಲನ್ನು ಮಕ್ಕಳಿಗೆ ಬಿಟ್ಟು ಬಂದು ಮೊಕ್ತೇಸರರಾದ ರವಿಶಂಕರ್, ಆನ್‌ಲೈನಿನಲ್ಲೂ ಪೂಜೆ ಬರೆಸಬಹುದಾದ ಹೊಸ ವರ್ಷನ್ ತರಿಸಿ, ಹಳೆಯದನ್ನು ತೆಗೆಯಬಹುದೇ ಎಂದು ಹೂಪ್ರಸಾದ ಕೇಳಿದರು. ದೇವಿಯ ಮುಡಿಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಕೂಡದು. ಎಡಕ್ಕೆ ಬಿತ್ತು. ಕುಂದಾಪುರದ ಕಂಪ್ಯೂಟರ್ ಅಂಗಡಿಯಿಂದ ಬಂದಿದ್ದ ನಿತೇಶ ಇಂಥ ಕೆಲಸಕ್ಕೆ ಹಲವರ ಒಪ್ಪಿಗೆ ಕಾದದ್ದುಂಟು. ದೇವಿಯ ಒಪ್ಪಿಗೆ ಕಾದದ್ದು ಇದೇ ಮೊದಲು.

ರವಿಶಂಕರ್ ದೇವಿಯ ಮಾತು ಮೀರುವವರಲ್ಲ. ಆದರೆ ಅದನ್ನು ಹಿಂಡಿ ಬೇಕಾದ ಅರ್ಥ ತೆಗೆಯಬಲ್ಲವರು.

“ಅಮ್ಮ ತೆಗೀಬೇಡಿ ಅಂದದ್ದ್ ಹೌದ್. ನಡ್ಸಿ ಅಂದಿದ್ಲಾ? ಒಂದ್ ತಪ್ಪ್ ಬರ್ಲಿ, ಹಳೇದನ್ನ ಮುಚ್ಚಿ ಇಡುದೆ. ಹೊಸದಕ್ಕೆ ಬೇರೆ ಜನ ಕಂಡಿಟ್ಟಿದ್ದೆ” ಎಂದರು.

ಬೇರೆ ಜನ ಎಂದರೆ ಪಂಕಜಾಕ್ಷಿಯವರ ಕುರ್ಚಿಗೆ ಸಂಚಕಾರ ಎಂದು ತಿಳಿಯಲು ಯಾರಿಗೂ ಪಂಚಾಂಗ ಬೇಕಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸಾಲಿಗ್ರಾಮದಿಂದ ಬಂದು ಆ ಕೌಂಟರಿನಲ್ಲಿ ಕೂತವರು ಅವರು. ಮನೆಯ ಒಲೆ ಉರಿಯುತ್ತಿದ್ದುದು ಆ ಕುರ್ಚಿಯಿಂದ. ತಿಥಿ ನೋಡಿ ವರ್ಷವರ್ಷವೂ ಆಗಬೇಕಾದ ಶಾಶ್ವತ ಪೂಜೆಗಳೆಲ್ಲ ಹಳೆಯ ವರ್ಷನ್ನಿನಲ್ಲಿದ್ದವು, ಮತ್ತು ಅವರ ಬೆರಳುಗಳಿಗೆ ಗೊತ್ತಿದ್ದದ್ದೂ ಅದೊಂದೇ.

ನಿತೇಶ ಕೆಲಸಕ್ಕೆ ಕೂತ. ಎರಡು ವರ್ಷನ್ನೂ ಎದ್ದ ಕೂಡಲೇ ಕಂಪ್ಯೂಟರನ್ನು ಕೇಳುವ ಪ್ರಶ್ನೆ ಒಂದೇ: ನನ್ನ ಸಾಮಾನು ಎಲ್ಲಿದೆ? ಉತ್ತರವನ್ನು ಎನ್ವಿರಾನ್‌ಮೆಂಟ್ ವೇರಿಯೇಬಲ್ ಎಂಬಲ್ಲಿ ಬರೆದಿಡಬೇಕು. ಅದು ದೇವಸ್ಥಾನದ ಹೊರಗಿನ ಬೋರ್ಡಿನ ಹಾಗೆ, ಯಾರು ಬಂದು ನೋಡಿದರೂ ಅದೇ ವಿಳಾಸ. ನಿತೇಶ ಅಲ್ಲಿ ಹೊಸದರ ವಿಳಾಸ ಬರೆದ. ಹೊಸದು ಎದ್ದಿತು. ಹಳೆಯದೂ ಎದ್ದಿತು, ಪರೀಕ್ಷೆಗೆಂದು ಒಂದು ರಶೀದಿಯನ್ನೂ ಕೊಟ್ಟಿತು. ಅದರಲ್ಲಿ ಗೋತ್ರ ಕಾಶ್ಯಪ ಎಂದಿತ್ತು. ಇದ್ದೀತು ಎಂದುಕೊಂಡು ಅವನು ಸಿದ್ದಾಪುರದ ಕಡೆಯಿಂದ ಬಂದ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಕೋಟದ ಕಡೆಯ ಎರಡು ಮನೆಯವರು, ಮದುವೆಗೆ ಮುಂಚೆ ದೇವಿಗೊಂದು ಹೂವಿನ ಪೂಜೆಯೆಂದು ಹುಡುಗ ಹುಡುಗಿಯನ್ನು ಕರೆದುಕೊಂಡು ಬಂದರು. ಹುಡುಗ ಶ್ರೀಶ, ಭಾರದ್ವಾಜ ಗೋತ್ರ. ಹುಡುಗಿ ಶ್ರಾವ್ಯ, ವಿಶ್ವಾಮಿತ್ರ ಗೋತ್ರ. ಪಂಕಜಾಕ್ಷಿಯವರು ಹಾಗೆಯೇ ಒತ್ತಿದರು. ರಶೀದಿ ಒಳಗೆ ಹೋಯಿತು. ಅರ್ಚಕ ವಿಷ್ಣುಮೂರ್ತಿ ಭಟ್ಟರು ಅಂದಿನ ಎಷ್ಟನೆಯದೋ ಸಂಕಲ್ಪವನ್ನು ರಶೀದಿ ನೋಡಿ ಗಟ್ಟಿಯಾಗಿ ಹೇಳಿದರು: ಹುಡುಗ ಕಾಶ್ಯಪ ಗೋತ್ರ, ಹುಡುಗಿಯೂ ಕಾಶ್ಯಪ ಗೋತ್ರ.

ಗಂಟೆ ನಿಂತಿತು. ಹುಡುಗಿಯ ಅಜ್ಜಿ ಕಂಬಕ್ಕೆ ಒರಗಿದರು. ತಮ್ಮ ಗೋತ್ರ ಯಾವುದೆಂದು ಎರಡೂ ಮನೆಯವರಿಗೆ ಗೊತ್ತಿತ್ತು ನಿಜ. ಆದರೆ ದೇವಿಯ ಕಿವಿಗೆ ಬಿದ್ದಾಗಿತ್ತಲ್ಲ! ಅವಳ ಲೆಕ್ಕದಲ್ಲಿ ಈಗ ಇಬ್ಬರೂ ಅಣ್ಣ ತಂಗಿ.

ಫೋನು ಹೋಗಿ ನಿತೇಶ ಓಡಿ ಬರುವ ಹೊತ್ತಿಗೆ ಅಂದಿನ ರಶೀದಿಗಳನ್ನೆಲ್ಲ ತೆಗೆದು ನೋಡಿಯಾಗಿತ್ತು. ಬೆಳಗಿನಿಂದ ಬಂದವರೆಲ್ಲ ಕಾಶ್ಯಪರೇ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನುವುದು ರೂಢಿ, ಸಾಫ್ಟ್‌ವೇರ್ ಬರೆದವರೂ ಅದನ್ನೇ ಕಲಿಸಿದ್ದರು. ಹಳೆಯ ವರ್ಷನ್ನು ಬೋರ್ಡಿನ ವಿಳಾಸ ಹಿಡಿದು ಹೊಸದರ ಮನೆಗೆ ಹೋಗಿ, ಅಲ್ಲಿ ತನ್ನ ಗೋತ್ರದ ಪಟ್ಟಿ ಸಿಗದೆ, ಇಡೀ ಸೀಮೆಗೆ ಒಂದೇ ಗೋತ್ರ ಕೊಟ್ಟಿತ್ತು. ನಿತೇಶನಿಗೆ ಒಂದು ನೋಟಕ್ಕೇ ಎಲ್ಲ ಅರ್ಥವಾಯಿತು.

“ನಾ ಸರೀ ಒತ್ತಿದ್ದೆ” ಎಂದರು ಪಂಕಜಾಕ್ಷಿ. ಎಷ್ಟು ಸಲ ಹೇಳಿದ್ದರೋ, ದನಿ ಸವೆದಿತ್ತು.

“ಪಂಕಜಕ್ಕ, ಬೇಜಾರ್ ಮಾಡ್ಕಂಬೇಡಿ, ಇದ್ ಇನ್ನ್ ಚಲೇಗಾ ನಹೀ, ನಡಿಯುದಿಲ್ಲ” ಎಂದರು ರವಿಶಂಕರ್. “ನನ್ನ ಬಾಯಂಗೆ ನಾ ಹೇಳುದಿಲ್ಲ. ಅಮ್ಮನ ಹತ್ರವೇ ಕೇಂಬ. ಭಟ್ರೆ, ಹೂ ಇಡಿ. ಇವ್ರ್ ಕೌಂಟ್ರ್ ಬಿಡೂದ್ ಆಯ್ಕಾ ಅಂತ.”

ಭಟ್ಟರು ಹೂ ತೆಗೆದುಕೊಂಡರು. ಪಂಕಜಾಕ್ಷಿಯವರು ಕಣ್ಣು ಮುಚ್ಚಿ ಕೈ ಮುಗಿದರು. ತಪ್ಪು ಯಾರದೆಂದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ನಿತೇಶನಿಗೆ ಮತ್ತು ದೇವಿಗೆ. ಅವನಿಗೆ ದೇವಿಯ ಮೇಲೆ ನಂಬಿಕೆಯಿತ್ತು. ಹೂವಿನ ಮೇಲೆ ಅಷ್ಟಿರಲಿಲ್ಲ.

“ಹ್ವಾಯ್ ಭಟ್ರೆ, ಇಡ್ಬೇಡಿ! ಅದ್ ನಾ ಮಾಡಿದ್ದ್!” ಎಂದು ಕೂಗಿದ. “ಹಳೇದಕ್ಕೆ ಹೊಸದ್ರ ವಿಳಾಸ ಕೊಟ್ಟದ್ದ್ ನಾನ್. ಪಂಕಜಕ್ಕಂದ್ ಎಂತದೂ ತಪ್ಪಿಲ್ಲ. ಕಾಶ್ಯಪ ಅಂತ ಬಂದದ್ದನ್ನ ನಿನ್ನೆಯೇ ಕಂಡಿದ್ದೆ, ಕಂಡೂ ಹೋದೆ.”

ರವಿಶಂಕರ್ ಅವನನ್ನೂ ಹೂವನ್ನೂ ನೋಡಿದರು. “ಸಂಜೆ ಪೂಜೆ ಒಳ್ಗೆ ಎರಡೂ ಸರಿ ಆಯ್ಕ್. ಆಗ್ಲಿಲ್ಲ ಅಂದ್ರೆ ಹೂ ಇಡುದೆ” ಎಂದರು.

ವಿಳಾಸವನ್ನು ಹಳೆಯದಕ್ಕೆ ತಿರುಗಿಸಿದರೆ ಹೊಸದು ಖಾಲಿ ಪರದೆ ತೋರಿಸಿತು. ಹೊಸದಕ್ಕೆ ತಿರುಗಿಸಿದರೆ ಊರೆಲ್ಲ ಮತ್ತೆ ಕಾಶ್ಯಪ. ಅತ್ತ ದರಿ, ಇತ್ತ ಪುಲಿ. ಪಂಕಜಾಕ್ಷಿಯವರು ಪಕ್ಕದಲ್ಲಿ ನಿಂತೇ ಇದ್ದರು. ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ.

ಒಳಗೆ ಭಟ್ಟರು ಜೋಡಿಗೆ ಹೊಸದಾಗಿ ಸಂಕಲ್ಪ ಮಾಡುತ್ತಿದ್ದರು. ಯಾವ ದೇಶ, ಯಾವ ಕಾಲ, ಭಾರದ್ವಾಜ, ವಿಶ್ವಾಮಿತ್ರ. ಅಜ್ಜಿ ಪ್ರತಿ ಅಕ್ಷರಕ್ಕೂ ಕಿವಿ ಕೊಟ್ಟಿದ್ದರು. ಅದು ಮುಗಿದು ಇನ್ನೊಬ್ಬರು ಬಂದರು. ಭಟ್ಟರು ದೇಶ ಕಾಲದಿಂದಲೇ ಮತ್ತೆ ಶುರು ಮಾಡಿದರು, ಗೋತ್ರ ಬೇರೆ. ಹಿಂದಿನವರ ಗೋತ್ರ ಇವರಿಗೆ ಅಂಟಲಿಲ್ಲ. ನಿತೇಶ ಕೀಲಿಮಣೆಯಿಂದ ಕೈ ತೆಗೆದು ಕೇಳುತ್ತ ಕೂತ. ಗೋತ್ರವನ್ನು ಗರ್ಭಗುಡಿಯ ಬಾಗಿಲಿಗೆ ಯಾರೂ ಬರೆದು ಹಾಕುವುದಿಲ್ಲ. ಯಾರ ಪೂಜೆಯೋ ಅವರ ಪೂಜೆಯ ತಲೆಗೆ ಹೇಳುತ್ತಾರೆ, ಪೂಜೆ ಮುಗಿದರೆ ಅದೂ ಮುಗಿಯಿತು.

ಅವನು ಬೋರ್ಡಿನ ವಿಳಾಸವನ್ನು ಪೂರ್ತಿ ಅಳಿಸಿದ. ಹಳೆಯದನ್ನು ಎಬ್ಬಿಸಲು ಒಂದು ಚಿಕ್ಕ ಫೈಲು, ಹೊಸದನ್ನು ಎಬ್ಬಿಸಲು ಇನ್ನೊಂದು. ಎರಡರಲ್ಲೂ ಮೊದಲ ಸಾಲಿಗೆ ಅದರದರ ವಿಳಾಸ, ಆಮೇಲೆ ಎಬ್ಬಿಸುವ ಮಾತು. ಎರಡೂ ಒಟ್ಟಿಗೆ ಎದ್ದವು. ಒಂದರ ಗಾಳಿ ಇನ್ನೊಂದಕ್ಕೆ ತಾಗಲಿಲ್ಲ.

ಸಂಜೆ ರವಿಶಂಕರ್ ಬಂದು ಎರಡರಲ್ಲೂ ತಮ್ಮದೇ ಹೆಸರಿನ ರಶೀದಿ ತೆಗೆಸಿ, ಗೋತ್ರವನ್ನು ಕನ್ನಡಕ ಏರಿಸಿ ಓದಿದರು. ತಪ್ಪು ಸಿಗಲಿಲ್ಲ. “ಕೂಕಣಿ ಪಂಕಜಕ್ಕ, ನಿಂತದ್ದೆಂತಕ್ಕೆ?” ಎಂದು ಹೊರಟುಹೋದರು. ಪಂಕಜಾಕ್ಷಿಯವರು ಕೂತರು. ಕುರ್ಚಿ ಕಿರ್ರೆಂದಿತು. ನಿತೇಶನಿಗೆ ಆ ಸದ್ದು ಕೇಳಿ ತುಂಬ ಹಿತವಾಯಿತು.

“ಬಾ ಮಗಾ, ನಿಂದೂ ಒಂದ್ ಅರ್ಚನೆ ಮಾಡ್ವ” ಎಂದರು ಭಟ್ಟರು. “ಗೋತ್ರ ಎಂತ?”

“ಗೊತ್ತಿಲ್ಲ ಭಟ್ರೆ.”

“ಅಡ್ಡಿಲ್ಲ. ಗೊತ್ತಿಲ್ಲದಿದ್ರೆ ಕಾಶ್ಯ...”

“ನಿಲ್ಲಿ ಭಟ್ರೆ!” ಕೌಂಟರಿನಿಂದ ಪಂಕಜಾಕ್ಷಿಯವರ ದನಿ ಬಂತು. “ಹ್ವಾಯ್ ನಿತೇಶ, ನಿನ್ನ ಅಮ್ಮನಿಗೆ ಫೋನ್ ಮಾಡ್. ಈ ಕೌಂಟ್ರಂಗೆ ಇನ್ನ್ ಯಾರಿಗೂ ಸುಮ್ನೆ ಕಾಶ್ಯಪ ಇಲ್ಲ.”

ನಿತೇಶ ಫೋನು ಮಾಡಿ ಕೇಳಿದ. ಅವನ ಅಮ್ಮನ ದನಿ ಪೌಳಿಗೆಲ್ಲ ಕೇಳಿಸಿತು: “ಗೋತ್ರ ಎಂತಕ್ಕಾ? ಯಾವ ಹೆಣ್ಣ್ ಕಂಡ್ಕಂಡ್ ಬಂದೆ?”

ಪಂಕಜಾಕ್ಷಿಯವರು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಉತ್ತರಕ್ಕೆ ಕಾಯುತ್ತಿದ್ದರು.