ಮೇಷ್ಟ್ರ ಕೊನೆಯ ಹಾಜರಿ

ಅಪ್ಪನ ಬಲಗಾಲಿಗೆ ಕಾಲುಚೀಲ ಏರುತ್ತಲೇ ಇರಲಿಲ್ಲ. ಹಿಮ್ಮಡಿಯವರೆಗೆ ಬಂದು ಅಲ್ಲೇ ಮುದುಡಿಕೊಂಡು ಕೂತುಬಿಟ್ಟಿತ್ತು. ಮಗಳು ಮಂಚದ ತುದಿಯಲ್ಲಿ ಕೂತು, ತಣ್ಣಗಾದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಹಲ್ಲು ಕಚ್ಚಿ ಎಳೆದಳು. ಹರಡಿನ ಮೂಳೆ, ಹಿಮ್ಮಡಿ ಮೂಳೆ, ಅಂಗಾಲ ಮೂಳೆ, ಬೆರಳ ಮೂಳೆ. ಚಿಕ್ಕವಳಿದ್ದಾಗ ಊಟಕ್ಕೆ ಕೂತಲ್ಲೇ ಅಪ್ಪ ಕಲಿಸಿದ್ದು. ಒಂದು ತಪ್ಪಿದರೆ ಮತ್ತೆ ಮೊದಲಿಂದ ಹೇಳಬೇಕು, ಅನ್ನ ಆರಿಹೋದರೂ ಸರಿಯೆ.

"ಆಯ್ತೇನೇ ಹುಳು?"

ಬಾಗಿಲಲ್ಲಿ ಅಣ್ಣ ನಿಂತಿದ್ದ. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಆದರೂ ಮುಖದಲ್ಲಿ ಮದುವೆ ಮನೆಯ ಓಡಾಟದ ಕಳೆ ಇತ್ತು.

"ಆಗ್ತಿದೆ," ಎಂದಳು.

"ಬೇಗ ಮಾಡು. ಅಂಗಳದಲ್ಲಿ ಕಾಲಿಡೋಕೆ ಜಾಗ ಇಲ್ಲ. ಅಪ್ಪನ ಶಿಷ್ಯರೆಲ್ಲ ಸೇರಿ ಒಂದು ಯೋಚನೆ ಮಾಡಿದ್ದಾರೆ. ಹೊರಡೋಕ್ಕೆ ಮುಂಚೆ ಕೊನೇದಾಗಿ ಒಂದು ಸಲ ಹಾಜರಿ ಕೂಗೋದು ಅಂತ. ಅಪ್ಪ ಇಟ್ಟ ಹೆಸರಲ್ಲೇ. ಎಲ್ಲರೂ 'ಬಂದಿದೀನಿ ಸಾರ್' ಅನ್ನೋದು." ಅವನು ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡ. "ಎಲ್ಲರದ್ದೂ ಆದ್ಮೇಲೆ ಕೊನೇ ಹೆಸರು ನಿಂದು."

ಅವಳು ಕಾಲುಚೀಲವನ್ನು ಒಂದೇ ಸಲಕ್ಕೆ ಮೇಲಕ್ಕೆಳೆದಳು. ಅದು ಪರ್ರೆಂದು ಹರಿಯಿತು.

ಮೇಷ್ಟ್ರು ಆ ಊರಿನ ಶಾಲೆಯಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವರು. ವರ್ಷದ ಮೊದಲ ದಿನ ತರಗತಿಗೆ ಬಂದು, ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ಕನ್ನಡಕದ ಮೇಲಿಂದ ಅಡಿಯಿಂದ ಮುಡಿಯವರೆಗೆ ನೋಡಿ ಒಂದೊಂದು ಪ್ರಾಣಿಯ ಹೆಸರಿಡುತ್ತಿದ್ದರು. ಮೂಗು ಬಾಗಿದವನು ಗರುಡ, ಓಟದಲ್ಲಿ ಮುಂದಿದ್ದವನು ಚಿರತೆ, ಪಕ್ಕದವನ ಬುತ್ತಿಗೆ ಕೈಹಾಕಿ ಸಿಕ್ಕಿಬಿದ್ದವನು ಹೆಗ್ಗಣ, ಕಪ್ಪಗೆ ದಪ್ಪಗೆ ಇದ್ದವಳು ಎಮ್ಮೆ. ಆಮೇಲೆ ವರ್ಷವಿಡೀ ಹಾಜರಿ ಅದೇ ಹೆಸರಲ್ಲಿ. ಹೆಸರಿನ ಜೊತೆ ಪಾಠವೂ ತಲೆಗೆ ಹೋಗುತ್ತದೆ ಎಂದು ಅವರ ವಾದ. ಗರುಡ ಎದ್ದು ನಿಂತು ಹಕ್ಕಿಯ ಮೂಳೆ ಯಾಕೆ ಟೊಳ್ಳು ಎಂದು ಹೇಳಬೇಕು, ಎಮ್ಮೆ ಎದ್ದು ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಎಷ್ಟು ಕೋಣೆ ಎಂದು ಹೇಳಬೇಕು. ಮಕ್ಕಳು ದೊಡ್ಡವರಾದ ಮೇಲೆ ಪಾಠವೆಲ್ಲ ಮರೆತರು. ಹೆಸರು ಮಾತ್ರ ಬೆನ್ನು ಬಿಡಲಿಲ್ಲ.

ಮನೆಯವರಿಗೂ ವಿನಾಯಿತಿ ಇರಲಿಲ್ಲ. ಹೆಂಡತಿ ರಾಣಿಜೇನು. ಮಗ ಹುಲಿ. ಓರಗೆಯ ಮಕ್ಕಳು ಬೀದಿಯಲ್ಲಿ ಓಡಾಡುವಾಗಲೂ ಗೋಡೆ ಹಿಡಿದೇ ನಿಂತಿದ್ದ ಮಗಳು ಬಸವನಹುಳು. ಕರೆಯುವುದಕ್ಕೆ ಉದ್ದವಾಯಿತೆಂದು ಮೊಟಕು ಮಾಡಿ, ಹುಳು.

*

ಅವಳಿಗಾಗ ಹನ್ನೆರಡೋ ಹದಿಮೂರೋ. ಅಪ್ಪನ ತರಗತಿಯಲ್ಲೇ ಓದುತ್ತಿದ್ದಳು. ಮೃದ್ವಂಗಿಗಳ ಪಾಠ ನಡೆಯುತ್ತಿದ್ದ ದಿನ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು, "ಹುಳು, ಬಾ ಇಲ್ಲಿ," ಎಂದರು. "ಈ ಗೋಡೆಯಿಂದ ಆ ಗೋಡೆಗೆ ನಡಿ."

ಅವಳು ನಡೆದಳು. ಎಡಗಾಲು ಇಟ್ಟಾಗ ಸೊಂಟ ಒಂದು ಕಡೆಗೆ ಇಳಿಯುತ್ತಿತ್ತು, ಬಲಗಾಲು ಇಟ್ಟಾಗ ಏಳುತ್ತಿತ್ತು.

"ನೋಡಿ," ಎಂದರು ಮೇಷ್ಟ್ರು. "ಹೊಟ್ಟೆಯನ್ನೇ ಪಾದ ಮಾಡಿಕೊಂಡು ತೆವಳೋ ಪ್ರಾಣಿಗೆ ಉದರಪಾದಿ ಅಂತಾರೆ. ಅವಸರ ಅನ್ನೋದು ಅದರ ಜಾತಕದಲ್ಲೇ ಇಲ್ಲ."

ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು. ಅಪ್ಪ ತನ್ನನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡಿದ್ದಾರೆ ಎಂಬ ಹೆಮ್ಮೆಯೂ ಆ ನಗುವಿನಲ್ಲಿ ಇತ್ತು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅದೇ ವರ್ಷ ಶಾಲೆಗೆ ಬಂದ ವೈದ್ಯರು ಅವಳ ನಡಿಗೆ ನೋಡಿ ಆಸ್ಪತ್ರೆಗೆ ಬರಹೇಳಿದರು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಿಂದ ತೋರಿಸಿದರು. ತೊಡೆಮೂಳೆಯ ತಲೆಯ ಗುಂಡು ಸೊಂಟದ ಗುಳಿಯಲ್ಲಿ ಇರಲೇ ಇಲ್ಲ. ಮೇಲೆಲ್ಲೋ ಜಾರಿ ಕೂತಿತ್ತು.

"ಹುಟ್ಟಿದಾಗಿಂದ್ಲೇ ಹೀಗಿದೆ," ಎಂದರು. "ಒಂದು ವರ್ಷದೊಳಗೆ ತಂದಿದ್ರೆ ಪಟ್ಟಿ ಕಟ್ಟಿ ಸರಿ ಮಾಡ್ಬಹುದಿತ್ತು. ಮಗು ನಡೆಯೋದು ತಡ ಆಗ್ಲಿಲ್ವಾ? ಏನು ಅಂದ್ಕೊಂಡಿದ್ರಿ ನೀವು?"

ಅಪ್ಪ ಆ ಹಾಳೆಯನ್ನೇ ನೋಡುತ್ತಿದ್ದರು. ಚೆಂಡು ಮತ್ತು ಗುಳಿ ಕೀಲು. ಪ್ರತಿ ವರ್ಷ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಚಿತ್ರ ಅದು.

"ಸ್ವಲ್ಪ ಸೋಮಾರಿ ಅಂದ್ಕೊಂಡಿದ್ವಿ," ಎಂದರು.

"ನೀವೇನು ಕೆಲಸ ಮಾಡ್ತೀರಿ?"

"ಮೇಷ್ಟ್ರು."

"ಏನು ಪಾಠ ಹೇಳ್ತೀರಿ?"

ಅಪ್ಪ ಕನ್ನಡಕ ತೆಗೆದು ಒರೆಸುತ್ತ, "ಗಣಿತ," ಎಂದರು.

ಅವಳು ತಿರುಗಿ ಅಪ್ಪನ ಮುಖ ನೋಡಿದಳು. ಅಪ್ಪ ಅವಳತ್ತ ನೋಡಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ, ಇನ್ನೇನು ಏನಾದರೂ ಹೇಳುತ್ತಾರೆ, ತಲೆ ಸವರುತ್ತಾರೆ ಎಂದು ಅವಳು ಕಾದಳು. ನಿಲ್ದಾಣದ ಹತ್ತಿರ ಬಸ್ಸು ಹೊರಡುವುದನ್ನು ಕಂಡು ಅಪ್ಪ ದಾಪುಗಾಲು ಹಾಕಿದರು. ಹಿಂದೆ ತಿರುಗಿ ಕೂಗಿದರು.

"ಬೇಗ ಬಾರೇ ಹುಳು, ಬಸ್ಸು ಹೋಗುತ್ತೆ."

*

ಕೈ ತೊಳೆಯಲೆಂದು ಹಿತ್ತಿಲಿಗೆ ಬಂದಾಗ ಅಲ್ಲಿ ಇಬ್ಬರು ಚಹಾ ಕುಡಿಯುತ್ತ ನಿಂತಿದ್ದರು. ಬಸ್ಸು ಓಡಿಸುವ ಹೆಗ್ಗಣ, ಮತ್ತು ಮೂಲೆಯ ಬೇಕರಿಯ ಒಡತಿ ಎಮ್ಮೆ.

"ಡಿಪೋದಲ್ಲೂ ನನ್ನನ್ನ ಹೆಗ್ಗಣ ಅಂತಾನೇ ಕರೀತಾರೆ," ಹೆಗ್ಗಣ ಮೂಗು ಒರೆಸಿಕೊಂಡ. "ನಂಗೇನೂ ಬೇಜಾರಿಲ್ಲಪ್ಪ. ಮೇಷ್ಟ್ರು ಪ್ರೀತಿಯಿಂದ ಇಟ್ಟಿದ್ದು."

"ನಿನಗೆ ಬೇಜಾರಿಲ್ಲ ಅಂದ್ರೆ ಯಾರಿಗೂ ಇರಬಾರದಾ?" ಎಂದಳು ಎಮ್ಮೆ. "ನನ್ನ ಮದುವೆ ದಿನ ಹಿಂದಿನ ಸಾಲಿಂದ ಯಾವನೋ ಎಮ್ಮೆ ಅಂತ ಕೂಗಿದ. ನನ್ನ ಗಂಡ ತಿರುಗಿ ನೋಡಿ ನಕ್ಕ. ಅವತ್ತಿಂದ ಮನೇಲೂ ಅದೇ ಆಯ್ತು."

ಹೆಗ್ಗಣ ಲೋಟ ತೊಳೆಯುವ ನೆಪದಲ್ಲಿ ಅತ್ತ ಸರಿದ.

"ಮತ್ತೆ ಯಾಕೆ ಬಂದ್ರಿ?" ಮಗಳು ಕೇಳಿದಳು.

"ಹೋಗಿರೋದು ನಿಜಾನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ." ಎಮ್ಮೆ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಬಂದು ಮುಖ ನೋಡಿದ್ಮೇಲೆ ಅಳು ಬಂದ್ಬಿಡ್ತು. ಅದಕ್ಕೇ ಇನ್ನೂ ಸಿಟ್ಟು."

"ಹಾಜರಿ ಕೂಗಿದಾಗ ಬಂದಿದೀನಿ ಅಂತೀರಾ?"

"ಅಂತೀನೇನೋ. ಇಷ್ಟು ಜನರ ಮುಂದೆ ಇಲ್ಲ ಅನ್ನೋ ಧೈರ್ಯ ನಂಗೆಲ್ಲಿದೆ? ನೀನು?"

ಮಗಳು ನಲ್ಲಿ ತಿರುಗಿಸಿ, ಆಗಲೇ ತೊಳೆದಾಗಿದ್ದ ಕೈಯನ್ನು ಮತ್ತೆ ತೊಳೆದಳು. ಇವತ್ತು ಆ ಹೆಸರಿಗೆ ಓಗೊಟ್ಟರೆ ಅದು ಸಾಯುವವರೆಗೂ ತನಗೆ ಅಂಟಿಕೊಳ್ಳುತ್ತದೆ. ಇಟ್ಟವರು ಇಲ್ಲದ ಮೇಲೆ ಬದಲಾಯಿಸುವವರು ಯಾರು? ಇಷ್ಟು ವರ್ಷ ಯಾರು ಕರೆದರೂ ಓಗೊಟ್ಟಿದ್ದಳು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತಾಗ ಮಾತ್ರ, ಅವಳ ನಿಜವಾದ ಹೆಸರು ಹಿಡಿದು ಕರೆಯುವವರು ಇದ್ದರು. ಅದಕ್ಕೇ ಆ ಕೆಲಸವನ್ನು ಅವಳು ಬಿಟ್ಟಿರಲಿಲ್ಲ.

*

ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಮತ್ತು ಮಾತು ಒಟ್ಟಿಗೇ ಹೋದವು. ಮಾತು ಕಲಿಸಲು ಬರುತ್ತಿದ್ದ ಹೆಣ್ಣುಮಗಳು ಪುಟ್ಟ ಮಕ್ಕಳ ಚಿತ್ರದ ಕಾರ್ಡುಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಡುತ್ತಿದ್ದಳು.

"ಇದು ಏನು ಹೇಳಿ ತಾತ. ಹಾಲು ಕೊಡುತ್ತೆ. ಹ... ಹಸು."

ಕಶೇರುಕ, ಸರೀಸೃಪ, ಉಭಯವಾಸಿ ಎಂದು ನೀರು ಕುಡಿದಂತೆ ಹೇಳುತ್ತಿದ್ದ ಬಾಯಿಗೆ ಹಸು ಬರಲಿಲ್ಲ. ನಾಯಿ ಬರಲಿಲ್ಲ. ಹಣೆಯ ಮೇಲೆ ಬೆವರು ಮಾತ್ರ ಬಂತು. ಮಗಳು ನೋಡಲಾಗದೆ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದಳು. ಸಿಟ್ಟಿದ್ದವರ ಮೇಲೂ ಕನಿಕರ ಬರುತ್ತದಲ್ಲ, ಅದು ಅವಳಿಗೆ ದೊಡ್ಡ ಅನ್ಯಾಯವೆನ್ನಿಸುತ್ತಿತ್ತು.

ಒಂದು ದಿನ ಅವಳು ಗಂಜಿಯ ಬಟ್ಟಲು ಹಿಡಿದು ಒಳಗೆ ಬಂದಳು. ಒಂದು ಹೆಜ್ಜೆ ಭಾರ, ಒಂದು ಹೆಜ್ಜೆ ಹಗುರ. ಆ ಸದ್ದಿಗೆ ಅಪ್ಪ ತಲೆಯೆತ್ತಿದರು. ತುಟಿ ಸೊಟ್ಟಗಾಯಿತು.

"ಹು... ಹುಳು."

ಮನೆಯೇ ಎದ್ದು ಕುಣಿಯಿತು. ಮಾತು ಕಲಿಸುವವಳು ಚಪ್ಪಾಳೆ ತಟ್ಟಿದಳು, ಅಮ್ಮ ಅತ್ತಳು, ಅಣ್ಣ ಊರಿಗೆಲ್ಲ ಫೋನ್ ಮಾಡಿದ. ಅಪ್ಪನ ಬಾಯಿಂದ ಬಂದ ಮೊದಲ ಮಾತು ಮಗಳ ಹೆಸರು! ಅವಳ ಕೈಯಲ್ಲಿದ್ದ ಗಂಜಿ ಅಂಗೈ ಸುಡುತ್ತಿತ್ತು.

ಆಮೇಲೆ ಅಪ್ಪನನ್ನು ನಡೆಸುವ ಕೆಲಸ ಅವಳದೇ ಆಯಿತು. ಅವರ ಬಲಗಾಲು ಎಳೆಯುತ್ತಿತ್ತು, ಅವಳ ಎಡಸೊಂಟ ಇಳಿಯುತ್ತಿತ್ತು. ಯಾರೂ ಇಲ್ಲದ ಒಂದು ಬೆಳಿಗ್ಗೆ ವರಾಂಡದ ನಡುವೆ ನಿಲ್ಲಿಸಿ ಕೇಳಿದಳು.

"ಅಪ್ಪ, ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೀರಿ."

ಅಪ್ಪ ಅವಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಅರ್ಧ ಬಾಯಲ್ಲಿ ನಕ್ಕು, "ಹುಳು," ಎಂದರು. ಬೇರೆ ಮಾತು ಸಿಗದೆ ಹಾಗಂದರೋ, ಸಿಕ್ಕಿದ್ದರೂ ಅದನ್ನೇ ಅನ್ನುತ್ತಿದ್ದರೋ ಅವಳಿಗೆ ಕೊನೆಗೂ ತಿಳಿಯಲಿಲ್ಲ.

*

ಅಂಗಳದ ನಡುವೆ ಪೆಟ್ಟಿಗೆ ಇಟ್ಟಿದ್ದರು. ಈಗ ವಕೀಲನಾಗಿರುವ ಗರುಡ ತಲೆಯ ಕಡೆ ನಿಂತು, ಮೇಷ್ಟ್ರ ಹಾಗೆಯೇ ಗಂಟಲು ಸರಿಮಾಡಿಕೊಂಡು, ನೆನಪಿನಿಂದಲೇ ಕೂಗತೊಡಗಿದ. ಚಿರತೆ. ಬಂದಿದೀನಿ ಸಾರ್. ಜಿಂಕೆ. ಬಂದಿದೀನಿ ಸಾರ್. ಹೆಗ್ಗಣನ ದನಿ ಒಡೆಯಿತು. ಎಮ್ಮೆ ನೆಲ ನೋಡುತ್ತ ಹೇಳಿದ್ದು ಪಕ್ಕದವರಿಗೂ ಕೇಳಿಸಲಿಲ್ಲ. ರಾಣಿಜೇನು ಎಂದಾಗ ಕುರ್ಚಿಯಲ್ಲಿ ಕೂತಿದ್ದ ಅಮ್ಮ, "ಇದೀನಿ," ಎಂದಳು. ಹುಲಿ ಎಂದಾಗ ಅಣ್ಣ ಎದೆ ಸೆಟೆಸಿ ನಿಂತು ಕೂಗಿ ಹೇಳಿದ.

"ಬಸವನಹುಳು."

ಮಾತಿಲ್ಲ.

"ಬಸವನಹುಳು," ಗರುಡ ಇನ್ನೊಮ್ಮೆ ಕೂಗಿದ.

"ಯಾವಾಗ್ಲೂ ಇವಳು ತಡಾನೇ," ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು. ಒಂದಿಬ್ಬರು ಕಣ್ಣೀರಿನ ನಡುವೆಯೇ ನಕ್ಕರು.

ಅಣ್ಣ ಹತ್ತಿರ ಬಂದು ತೋಳು ಹಿಡಿದ. "ಹೇಳೇ. ಅಪ್ಪನ ಬಾಯಲ್ಲಿ ಬಂದ ಮೊದಲ ಮಾತು ಕಣೇ ಅದು."

"ಅದು ನನ್ನ ಹೆಸರಲ್ಲ," ಎಂದಳು. ದನಿ ಏರಿಸಲಿಲ್ಲ, ಆದರೆ ಅಂಗಳಕ್ಕೆಲ್ಲ ಕೇಳಿಸಿತು. "ಅದು ನನ್ನ ಸೊಂಟದ ಕಾಯಿಲೆ ಹೆಸರು. ಕೀಲು ಜಾರಿತ್ತು. ಹೆತ್ತ ಮಗಳ ಮೂಳೆ ಕಾಣದೆ ಊರ ಮಕ್ಕಳನ್ನೆಲ್ಲ ನಗಿಸಿದ್ರು. ಗೊತ್ತಾದ ದಿನಾನೂ ಅದೇ ಹೆಸರಲ್ಲಿ ಕರೆದ್ರು."

"ಇವತ್ತು ಅದನ್ನೆಲ್ಲ ಮಾತಾಡೋ ದಿನವಾ?"

"ಮತ್ತೆ ಯಾವತ್ತು ಮಾತಾಡ್ಲಿ? ನಾಳೆ ಕೇಳಿಸ್ಕೊಳ್ಳೋಕೆ ಅವರು ಇಲ್ಲೂ ಇರಲ್ಲ."

ಗರುಡ ಪರಿಸ್ಥಿತಿ ತಿಳಿಮಾಡಲು, "ಹೋಗ್ಲಿ ಬಿಡಿ, ಗೈರುಹಾಜರಿ ಹಾಕೋಣ," ಎಂದ. ಯಾರೂ ನಗಲಿಲ್ಲ.

ಅಣ್ಣ ಮುಖ ಕಪ್ಪಗೆ ಮಾಡಿಕೊಂಡು ಹೊರುವವರನ್ನು ಕರೆದ. ಮುಂದೆ ತಾನು ಮತ್ತು ಚಿರತೆ, ಹಿಂದೆ ಗರುಡ ಮತ್ತು ಹೆಗ್ಗಣ. "ನೀನು ಅಮ್ಮನ ಜೊತೆ ಕಾರಲ್ಲಿ ಬಾ," ಎಂದ ತಂಗಿಗೆ, ಅವಳತ್ತ ನೋಡದೆ. "ನಿನ್ನ ನಡಿಗೇಲಿ ಸ್ಮಶಾನ ಮುಟ್ಟೋ ಹೊತ್ತಿಗೆ ಕತ್ತಲಾಗುತ್ತೆ."

ಅವಳು ಕಾರಿನ ಕಡೆ ಹೋಗಲಿಲ್ಲ. ನೇರ ಪೆಟ್ಟಿಗೆಯ ಮುಂದಿನ ಎಡಮೂಲೆಗೆ ಬಂದು, ಚಿರತೆಯ ಭುಜ ತಟ್ಟಿ ಆಚೆ ಸರಿ ಎಂದು ಸನ್ನೆ ಮಾಡಿದಳು. ಅವನು ಸರಿದ.

"ನಿನ್ನ ಕೈಲಾಗಲ್ಲ," ಎಂದ ಅಣ್ಣ.

"ಆಗುತ್ತೆ. ನಿಧಾನ ಆಗುತ್ತೆ, ಅಷ್ಟೆ."

ಅಣ್ಣ ಅಮ್ಮನ ಮುಖ ನೋಡಿದ. ಅಮ್ಮ ಕಾರಿನೊಳಗೆ ಇಟ್ಟಿದ್ದ ಒಂದು ಕಾಲನ್ನು ಹೊರಗೆ ತೆಗೆದು ಬಾಗಿಲು ಹಾಕಿದಳು. "ಹೊರಲಿ ಬಿಡು. ನಾನೂ ನಡೆದೇ ಬರ್ತೀನಿ," ಎಂದಳು.

ಪೆಟ್ಟಿಗೆ ಮೇಲೆದ್ದಿತು. ಅಣ್ಣ ಅಭ್ಯಾಸಬಲದಿಂದ ದಾಪುಗಾಲು ಹಾಕಿದ. ಪೆಟ್ಟಿಗೆ ಓರೆಯಾಗಿ ಅವನ ಕತ್ತಿಗೆ ಒತ್ತಿತು, ಅವನು ನಿಲ್ಲಲೇಬೇಕಾಯಿತು. ಅವಳು ಎಡಗಾಲು ಇಟ್ಟಳು, ಪೆಟ್ಟಿಗೆ ಆ ಕಡೆಗೆ ಇಳಿಯಿತು. ಬಲಗಾಲು ಇಟ್ಟಳು, ಏರಿತು. ಒಂದಷ್ಟು ದೂರ ಹೋಗುವುದರೊಳಗೆ ಹುಲಿಯೂ ಗರುಡನೂ ಹೆಗ್ಗಣನೂ ಅವಳ ಹೆಜ್ಜೆ ನೋಡಿಕೊಂಡು ತಮ್ಮ ಸೊಂಟವನ್ನೂ ಹಾಗೇ ಇಳಿಸಿ ಏರಿಸಿ ನಡೆಯುವುದನ್ನು ಕಲಿತರು. ಅವರ ಹಿಂದೆ ಅಮ್ಮ, ಎಮ್ಮೆ, ಇಡೀ ಶಾಲೆ. ಅದರ ಹಿಂದೆ ಖಾಲಿ ಕಾರು, ಕಾರಿನ ಹಿಂದೆ ಒಂದು ಬಸ್ಸು, ಬಸ್ಸಿನ ಹಿಂದೆ ಬೀದಿಯ ಬಂಡಿಗಳೆಲ್ಲ ಸಾಲುಗಟ್ಟಿ ನಿಂತು ನಿಂತು ಬರುತ್ತಿದ್ದವು. ಮುಂದೆ ಹೋಗಲು ಯಾರಿಗೂ ದಾರಿ ಇರಲಿಲ್ಲ. ಅವಳು ಎಡಗಾಲು ಊರಿದಾಗಲೆಲ್ಲ ಪೆಟ್ಟಿಗೆಯೊಳಗೆ ಮೇಷ್ಟ್ರ ಕಾಲು, ಹರಿದ ಕಾಲುಚೀಲದ ಕಾಲು, ಹಲಗೆಗೆ ತಾಗಿ ಟಕ್ಕೆನ್ನುತ್ತಿತ್ತು.