ಬೋಜಪ್ಪನ ಎತ್ತಿನ ಗೊರಕೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ನಾಪೋಕ್ಲು ಕಡೆಯ ಬೋಜಪ್ಪನ ಎತ್ತು ಕೆಂಪ ನಿಂತಲ್ಲೇ ಗೊರಕೆ ಹೊಡೆಯುತ್ತಿತ್ತು. ಗದ್ದೆಯ ಆಚೆ ಬದಿಗೂ ಕೇಳುವಷ್ಟು ಜೋರು. ಬೋಜಪ್ಪನಿಗೆ ಅದೊಂದು ಹೆಮ್ಮೆ. ತನ್ನ ಅಜ್ಜನೂ ಹೀಗೇ ಗೊರಕೆ ಹೊಡೆಯುತ್ತಲೇ ತೊಂಬತ್ತು ದಾಟಿದರು ಎನ್ನುತ್ತಿದ್ದ. ಅಜ್ಜ ಹೊಡೆಯುತ್ತಿದ್ದುದು ಮಲಗಿದಾಗ, ಉಳುವಾಗ ಅಲ್ಲ ಎಂದು ಹೆಂಡತಿ ಪೂವಮ್ಮ ಗೊಣಗುತ್ತಿದ್ದಳು. ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳುವ ಜಾಯಮಾನ ಅವನದಲ್ಲ.

ದನದ ಡಾಕ್ಟರು ನಾಗರಾಜು ಊರಿಗೆ ಬಂದರು. ಇದು ಗೊರಕೆ ರೋಗ, ಮೂಗಿನ ರಕ್ತನಾಳದಲ್ಲಿ ಸಣ್ಣ ಹುಳ ಸೇರಿದೆ ಎಂದರು. ಅದರ ಮೊಟ್ಟೆ ಸಿಂಬಳದ ಜತೆ ಕೆರೆಗೆ ಬೀಳುತ್ತದೆ, ಮರಿ ಅಲ್ಲಿನ ಬಸವನಹುಳುವಿನೊಳಗೆ ಬೆಳೆಯುತ್ತದೆ, ಆಮೇಲೆ ನೀರಿಗಿಳಿದ ದನದ ಚರ್ಮದಿಂದ ಒಳಗೆ ಹೋಗುತ್ತದೆ. ದೂರದ ಸಂಶೋಧನಾ ಕೇಂದ್ರದವರು ಇದಕ್ಕೆ ದಾರಿ ಹುಡುಕುತ್ತಿದ್ದಾರಂತೆ. ಊರವರು ಸಿಂಬಳವನ್ನೂ ಬಸವನಹುಳುವನ್ನೂ ಶೀಶೆಯಲ್ಲಿ ತುಂಬಿ ಕೊಡಬೇಕು. ಆಸ್ಪತ್ರೆಯವರು ಸೂಜಿ ಹಾಕುತ್ತಾರೆ. ಬಸವನಹುಳು ಸಾಯಲು ಕಾಫಿಗೆ ಹೊಡೆಯುವ ಮೈಲುತುತ್ತವನ್ನು ಕೆರೆಗೆ ಎಷ್ಟು ಹಾಕಬೇಕೆಂದು ಕೇಂದ್ರದವರೇ ಹೇಳುತ್ತಾರೆ. ಅಲ್ಲಿಯವರೆಗೆ ದನ ಕೆರೆಗೆ ಇಳಿಯಬಾರದು.

"ಗೊರಕೆಗೂ ಸೂಜಿಯಾ ಸ್ವಾಮಿ? ಹಾಗಾದ್ರೆ ಮೊದಲು ನಮ್ಮ ಮಾವನಿಗೆ ಹಾಕಿ" ಎಂದ ಬೋಜಪ್ಪ.

ಜನ ನಕ್ಕರು. ನಾಗರಾಜು ನಗಲಿಲ್ಲ. "ಒಬ್ಬರು ಕೈಬಿಟ್ಟರೂ ಎಲ್ಲರ ಕೆಲಸ ಹಾಳು ಬೋಜಪ್ಪನವರೇ. ಕೆರೆ ಒಂದೇ ಅಲ್ವಾ?" ಎಂದು ಶೀಶೆಯನ್ನು ಜಗಲಿಯ ಮೇಲಿಟ್ಟು ಹೋದರು.

ಬೋಜಪ್ಪ ಶೀಶೆ ಮುಟ್ಟಲಿಲ್ಲ, ಕೆಂಪನಿಗೆ ಸೂಜಿಯನ್ನೂ ಹಾಕಿಸಲಿಲ್ಲ. ನಾಟಿ ಮುಗಿದು ಕೈಲ್ ಮುಹೂರ್ತ ಬಂತು. ಎತ್ತುಗಳಿಗೆ ಬಿಡುವು ಕೊಟ್ಟು, ತೊಳೆದು, ತಿನ್ನಿಸುವ ಹಬ್ಬ. ನೆರೆಮನೆಯ ಸಾಂತಪ್ಪ ಬಾವಿಯ ನೀರು ಸೇದಿ ತನ್ನ ಎಳೆ ಜೋಡಿಯನ್ನು ಅಂಗಳದಲ್ಲೇ ತೊಳೆದ. ಕೆರೆ ಇಲ್ಲದ ಹಬ್ಬ ಎಂಥ ಹಬ್ಬ ಎಂದು ಬೋಜಪ್ಪ ಕೆಂಪನನ್ನು ನೀರಿಗಿಳಿಸಿದ. ಅದರ ಮೂಗಿನ ಸಿಂಬಳವನ್ನು ತನ್ನ ಕೈಯಾರೆ ಅದೇ ನೀರಿನಲ್ಲಿ ತೊಳೆದ. ಪಾಪ, ಪ್ರೀತಿಯಿಂದಲೇ ಮಾಡಿದ.

ಮರುವರ್ಷ ಉಳುಮೆಯ ಹೊತ್ತಿಗೆ ಕೆಂಪನ ಮೂಗಿನೊಳಗೆ ಗಡ್ಡೆ ಬೆಳೆದಿತ್ತು. ಬಾಯಿ ತೆರೆದು ಉಸಿರಾಡುತ್ತಿತ್ತು, ಮೇವು ಮುಟ್ಟುತ್ತಿರಲಿಲ್ಲ. ಬೋಜಪ್ಪ ಡಾಕ್ಟರಲ್ಲಿಗೆ ಓಡಿದ. ಸೂಜಿಯೂ ಬಿತ್ತು. ಆದರೆ ಸೊರಗಿ ಮಲಗಿದ್ದ ಎತ್ತು ಮತ್ತೆ ಏಳಲಿಲ್ಲ. ತೋಟದ ಅಂಚಿನಲ್ಲಿ ಅದನ್ನು ಹೂತು ಬಂದು, ಹೆಂಡತಿಯ ಎದುರು ಕೂತು ಅತ್ತ.

ಕೆಲವು ದಿನ ಕಳೆದು ಒಂದು ಸಂಜೆ ಅದೇ ಗೊರಕೆ ಕೇಳಿತು. ಕೆಂಪನೇ ಅಂದುಕೊಂಡು ಬೋಜಪ್ಪ ಎದ್ದೇಬಿಟ್ಟ. ಸದ್ದು ಬರುತ್ತಿದ್ದುದು ಸಾಂತಪ್ಪನ ಕೊಟ್ಟಿಗೆಯಿಂದ. ಕೆರೆಗೆ ಕಾಲಿಡದ ಎಳೆ ಎತ್ತು. ಆದರೆ ಅದು ಉತ್ತ ಸಾಂತಪ್ಪನ ಗದ್ದೆಗೆ ಹರಿಯುವುದು ಕೆರೆಯ ನೀರೇ ಎಂಬುದು ಅವನಿಗೆ ಆಗ ಹೊಳೆಯಿತು.

ಸಾಂತಪ್ಪ ಬೇಲಿಯ ಹತ್ತಿರ ನಿಂತಿದ್ದ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

"ಬೋಜಣ್ಣ, ನಿಮ್ಮ ಕೆಂಪನಿಗೂ ಹಿಂಗೇ ಶುರುವಾದ್ದಾ?" ಎಂದು ಮೆಲ್ಲಗೆ ಕೇಳಿದ, ಅಷ್ಟೇ.

ಬೋಜಪ್ಪ ಹೌದೆಂದು ತಲೆಯಾಡಿಸಿದ. ಒಳಗೆ ಬಂದು, "ಆ ಶೀಶೆ ಎಲ್ಲಿ ಉಂಟು?" ಎಂದ. ಪೂವಮ್ಮ ತೊಳೆದಿಟ್ಟಿದ್ದ ಶೀಶೆಯನ್ನು ತಂದು ಕೈಗಿತ್ತಳು.

ಬೆಳಗಾಗುತ್ತಲೇ ಅವನು ಕೆರೆಯ ದಂಡೆಯಲ್ಲಿ ಬಸವನಹುಳು ಆರಿಸುತ್ತಿದ್ದ. ಬೇಗ ಸೂಜಿ ಬಿದ್ದ ಸಾಂತಪ್ಪನ ಎತ್ತು ಉಳಿಯಿತು. ಈಗ ಕೆರೆಗೆ ಬೇಲಿಯಿದೆ, ಕಾವಲಿಗೆ ಬೋಜಪ್ಪನೇ ಇದ್ದಾನೆ. ಕೆಂಪ ಇಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಡಾಕ್ಟರು ಕೇಳುವುದು ಒಂದು ಶೀಶೆ ಸಿಂಬಳ, ಒಂದು ಹಿಡಿ ಬಸವನಹುಳು. ಅದನ್ನು ನೀವು ಕೊಡದಿದ್ದರೆ ಅವರಿಗೆ ಕೊಡುವವರು ಬೇರೆ ಯಾರೂ ಇಲ್ಲ. ಇವತ್ತು ಸಂಜೆ ಹಾಲು ಕರೆದ ಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ಸುಮ್ಮನೆ ನಿಂತು ಕೇಳಿ. ಗೊರಕೆ ಕೇಳಿದರೆ ನಾಳೆಯೇ ಆಸ್ಪತ್ರೆಗೆ ತಿಳಿಸಿ. ಬೋಜಪ್ಪನೂ ದಿನಾ ಸಂಜೆ ಹಾಗೆ ನಿಲ್ಲುತ್ತಾನೆ, ಆದರೆ ಅವನ ಕೊಟ್ಟಿಗೆಯಲ್ಲಿ ಕೇಳುವುದಕ್ಕೆ ಏನೂ ಉಳಿದಿಲ್ಲ.